ಬಿಗ್ ವಾಲ್ಟರ್ ಬಿಟ್ಟುಹೋದ ಹಣ

(ರಂಗಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ, ಅಮೆರಿಕದ ಕಪ್ಪು ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬೆರಿಯವರ ‘ಎ ರೈಸಿನ್ ಇನ್ ದ ಸನ್’ ನಾಟಕದ ಎಲ್ಲ ಜಗಳಗಳಿಗೂ ಮೂಲನಾದ ಮನುಷ್ಯ ರಂಗದ ಮೇಲೆ ಒಮ್ಮೆಯೂ ಬರುವುದಿಲ್ಲ. ಪರದೆ ಏಳುವ ಹೊತ್ತಿಗೆ ಅವನು ತೀರಿಕೊಂಡಿದ್ದಾನೆ. ಮನೆಯವರ ಬಾಯಲ್ಲಿ ಅವನು ಬಿಗ್ ವಾಲ್ಟರ್. ಜೀವನಪೂರ್ತಿ ಮೈ ಮುರಿದು ದುಡಿದ ಈ ಕಪ್ಪು ಕೂಲಿಗಾರ ಹೆಂಡತಿ ಮಕ್ಕಳಿಗೆ ಬಿಟ್ಟುಹೋಗಿರುವುದು ಒಂದು ಜೀವವಿಮೆಯನ್ನು ಮಾತ್ರ. ಅದರ 10,000 ಡಾಲರ್‌ಗಳ ಚೆಕ್ಕು ಶನಿವಾರ ಅಂಚೆಯಲ್ಲಿ ಬರಬೇಕು. ನಾಟಕ ಶುರುವಾಗುವುದು ಶುಕ್ರವಾರ ಬೆಳಿಗ್ಗೆ. ಮಗ ವಾಲ್ಟರ್ ಲೀ ಹಾಸಿಗೆಯಿಂದ ಎದ್ದು ಬಂದವನೇ ಚೆಕ್ಕು ಇವತ್ತು ಬರುತ್ತದೆಯೇ ಎಂದು ಕೇಳುತ್ತಾನೆ. ಹೆಂಡತಿ ರೂತ್, ಶನಿವಾರ ಎಂದಿದ್ದಾರೆ, ಇವತ್ತಿನ್ನೂ ಶುಕ್ರವಾರ ಎನ್ನುತ್ತಾಳೆ. ಆ ಮನೆಯಲ್ಲಿ ಎಲ್ಲರೂ ಒಂದು ಸಾವಿನ ಫಲಕ್ಕಾಗಿ ಕಾಯುತ್ತಿದ್ದಾರೆ, ಹಾಗೆ ಕಾಯುತ್ತಿರುವುದಕ್ಕೆ ಒಳಗೊಳಗೇ ನಾಚುತ್ತಲೂ ಇದ್ದಾರೆ.

ಈ ನಾಟಕವನ್ನು ಹಣಕ್ಕಾಗಿ ಕಿತ್ತಾಡುವ ಕುಟುಂಬದ ಕಥೆ ಎಂದು ಹೇಳಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಹೊರಗಿನ ಲೋಕ ಒಬ್ಬ ಮನುಷ್ಯನಿಗೆ ಮಾಡುವುದನ್ನೇ ಅವನನ್ನು ಪ್ರೀತಿಸುವ ಮನೆಯೂ ತನಗೆ ಅರಿವಿಲ್ಲದೆ ಮಾಡತೊಡಗುತ್ತದೆ. ಹ್ಯಾನ್ಸ್‌ಬೆರಿಯವರು ತೋರಿಸಿದ್ದು ಅದನ್ನು. ಇವತ್ತಿನ ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತಲೇ ಇರುತ್ತದೆ.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. ನಾಟಕ ಅಮೆರಿಕದ ವೃತ್ತಿರಂಗಭೂಮಿಯ ಕೇಂದ್ರವಾದ ಬ್ರಾಡ್‌ವೇಗೆ ಬಂದದ್ದು 1959ರ ಮಾರ್ಚ್ 11ರಂದು, ನ್ಯೂಯಾರ್ಕಿನ ಈಥೆಲ್ ಬ್ಯಾರಿಮೋರ್ ರಂಗಮಂದಿರದಲ್ಲಿ. ಹ್ಯಾನ್ಸ್‌ಬೆರಿಯವರಿಗೆ ಆಗ 28 ವರ್ಷ. ಬ್ರಾಡ್‌ವೇಯಲ್ಲಿ ತಾವು ಬರೆದ ನಾಟಕ ಪ್ರದರ್ಶನಗೊಂಡ ಮೊದಲ ಕಪ್ಪು ಮಹಿಳೆ ಅವರು. ನಿರ್ದೇಶಿಸಿದ ಲಾಯ್ಡ್ ರಿಚರ್ಡ್ಸ್ ಕೂಡ ಕಪ್ಪು ಜನಾಂಗದವರು. ವಾಲ್ಟರ್ ಲೀಯ ಪಾತ್ರದಲ್ಲಿ ಸಿಡ್ನಿ ಪೊಯ್ಟಿಯೆ, ತಾಯಿ ಲೀನಾಳ ಪಾತ್ರದಲ್ಲಿ ಕ್ಲೌಡಿಯಾ ಮೆಕ್‌ನೀಲ್, ರೂತ್ ಆಗಿ ರೂಬಿ ಡೀ. ಕಪ್ಪು ಕುಟುಂಬದ ಸಂಸಾರದ ಕಥೆಯನ್ನು ನೋಡಲು ಯಾರು ಬರುತ್ತಾರೆ ಎಂಬ ಅನುಮಾನದಿಂದ ಬಂಡವಾಳದವರು ಹಿಂದೆಗೆದಿದ್ದರು. ನಿರ್ಮಾಪಕ ಫಿಲಿಪ್ ರೋಸ್ ಅವರಿಗೆ ಹಣ ಹೊಂದಿಸಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಾಟಕ 530 ಪ್ರದರ್ಶನ ಕಂಡಿತು, ನ್ಯೂಯಾರ್ಕಿನ ನಾಟಕ ವಿಮರ್ಶಕರ ಬಳಗದ ಪ್ರಶಸ್ತಿಯನ್ನೂ ಪಡೆಯಿತು. ಹ್ಯಾನ್ಸ್‌ಬೆರಿಯವರು 1965ರ ಜನವರಿಯಲ್ಲಿ, 34ನೆಯ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಬರೆಯಬಹುದಾಗಿದ್ದ ನಾಟಕಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ಮನೆಯೊಳಗೆ ಹೋಗೋಣ. ಶಿಕಾಗೊ ನಗರದ ಸೌತ್‌ಸೈಡ್ ಭಾಗ. ಅಲ್ಲಿನ ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿ ಯಂಗರ್ ಕುಟುಂಬದ ಐವರಿದ್ದಾರೆ. ಅರವತ್ತು ದಾಟಿದ ಲೀನಾ, 35ರ ವಾಲ್ಟರ್, ಅವನ ಹೆಂಡತಿ ರೂತ್, ಕಾಲೇಜಿನಲ್ಲಿ ಓದುತ್ತಿರುವ ತಂಗಿ ಬೆನೀತಾ, ಹತ್ತು ವರ್ಷದ ಮಗ ಟ್ರಾವಿಸ್. ಹುಡುಗ ಮಲಗುವುದು ನಡುಮನೆಯ ಸೋಫಾದ ಮೇಲೆ. ಬಚ್ಚಲು ಹೊರಗಿನ ಪಡಸಾಲೆಯಲ್ಲಿದೆ, ಪಕ್ಕದ ಮನೆಯವರಿಗೂ ಅದೊಂದೇ. ಬೆಳಗಾದರೆ ಅದಕ್ಕಾಗಿ ಓಟ. ಇಡೀ ಮನೆಗೆ ಬೆಳಕು ಬರುವುದು ಒಂದು ಚಿಕ್ಕ ಕಿಟಕಿಯಿಂದ, ಅಲ್ಲಿ ಲೀನಾ ಕುಂಡದಲ್ಲಿ ಒಂದು ಬಡಕಲು ಗಿಡ ಸಾಕಿದ್ದಾಳೆ. ರಂಗಸೂಚನೆಯಲ್ಲಿ ಹ್ಯಾನ್ಸ್‌ಬೆರಿಯವರು ಪೀಠೋಪಕರಣಗಳ ಬಗ್ಗೆ ಬರೆದಿರುವ ಸಾಲುಗಳನ್ನು ದಯವಿಟ್ಟು ನಿಧಾನವಾಗಿ ಓದಿ. ಒಂದು ಕಾಲದಲ್ಲಿ ಪ್ರೀತಿಯಿಂದ, ಹೆಮ್ಮೆಯಿಂದ ಆರಿಸಿ ತಂದ ವಸ್ತುಗಳವು. ಈಗ ನೆಲಹಾಸು ಸವೆದಿದೆ, ಸವೆದ ಜಾಗ ಕಾಣದಿರಲೆಂದು ಮೇಜು ಕುರ್ಚಿಗಳನ್ನು ಅದರ ಮೇಲೆ ಸರಿಸಿಟ್ಟಿದ್ದಾರೆ. ಆದರೂ ಸವೆತ ಇಣುಕುತ್ತಲೇ ಇದೆ. ರಂಗಸಜ್ಜಿಕೆ ಮಾಡುವವರು ಬಡತನ ತೋರಿಸಲು ಹರಕು ಮುರುಕು ಸಾಮಾನು ತಂದಿಟ್ಟರೆ ನಾಟಕ ಅಲ್ಲೇ ಕೆಟ್ಟಿತು. ಇದು ಎಲ್ಲವನ್ನೂ ಒಪ್ಪವಾಗಿಟ್ಟುಕೊಂಡೇ ದಣಿದುಹೋದವರ ಮನೆ.

ಮೊದಲ ದೃಶ್ಯದಲ್ಲಿ ಒಂದು ಚಿಕ್ಕ ಪ್ರಸಂಗ ಬರುತ್ತದೆ. ಶಾಲೆಗೆ 50 ಸೆಂಟ್ ತರಬೇಕೆಂದು ಮೇಷ್ಟ್ರು ಹೇಳಿದ್ದಾರೆ ಎಂದು ಟ್ರಾವಿಸ್ ಕೇಳುತ್ತಾನೆ. ಇಲ್ಲ ಎನ್ನುತ್ತಾಳೆ ರೂತ್. ಅವನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾನೆ, ಅವಳದು ಅದೇ ಉತ್ತರ. ವಾಲ್ಟರ್ ಬಂದು, ಮಗನಿಗೆ ಇಂಥ ಮಾತು ಏಕೆ ಹೇಳುತ್ತೀಯ ಎಂದು ಹೆಂಡತಿಯ ಮೇಲೆ ರೇಗಿ ಜೇಬಿನಿಂದ 50 ಸೆಂಟ್ ತೆಗೆದುಕೊಡುತ್ತಾನೆ. ಅಷ್ಟಕ್ಕೇ ನಿಲ್ಲದೆ, ಹೆಂಡತಿಯ ಕಣ್ಣನ್ನೇ ನೋಡುತ್ತಾ ಇನ್ನೊಂದು 50 ಸೆಂಟ್ ಕೊಟ್ಟು, ಹಣ್ಣು ಕೊಂಡುಕೋ, ಬೇಕಾದರೆ ಟ್ಯಾಕ್ಸಿಯಲ್ಲಿ ಹೋಗು ಎನ್ನುತ್ತಾನೆ. ಹುಡುಗ ಅಪ್ಪನನ್ನು ಅಪ್ಪಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಕೆಲಸಕ್ಕೆ ಹೊರಟ ವಾಲ್ಟರ್ ಬಾಗಿಲಿನಿಂದಾಚೆ ಹೋದವನು ಹಿಂದಿರುಗಿ ಬರುತ್ತಾನೆ. ಬಸ್ಸಿಗೆ ಕಾಸಿಲ್ಲ. ಹೆಂಡತಿಯನ್ನು ಕೇಳಬೇಕು. ಚುಚ್ಚಲು ರೂತ್‌ಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ಅವಳು ಚುಚ್ಚುವುದಿಲ್ಲ. ಅವಳ ಮುಖ ಮೆತ್ತಗಾಗುತ್ತದೆ. ಹಣ ಕೊಟ್ಟು, ತಗೋ, ಟ್ಯಾಕ್ಸಿಯಲ್ಲಿ ಹೋಗು ಎಂದು ಅವನ ಮಾತನ್ನೇ ಅವನಿಗೆ ಅಕ್ಕರೆಯಿಂದ ಹಿಂದಿರುಗಿಸುತ್ತಾಳೆ.

ಇಡೀ ನಾಟಕ ಇಷ್ಟರಲ್ಲೇ ಇದೆ. ಮಗನ ಕಣ್ಣಿಗೆ ತಾನು ಇಲ್ಲದವನಾಗಿ ಕಾಣಬಾರದು ಎಂಬ ಹಟಕ್ಕೆ ವಾಲ್ಟರ್ ತನ್ನ ಬಸ್ಸಿನ ಕಾಸನ್ನೂ ಕೊಟ್ಟುಬಿಡುತ್ತಾನೆ. ಮುಂದೆ ಇದೇ ಹಟದಲ್ಲಿ ಅವನು 6,500 ಡಾಲರ್ ಕಳೆಯುತ್ತಾನೆ. ರೂತ್‌ಳ ಆ ಸಣ್ಣ ನಗುವನ್ನು ನೋಡಿದವರಿಗೆ, ಇವರ ದಾಂಪತ್ಯದಲ್ಲಿ ಪ್ರೀತಿ ಬತ್ತಿಲ್ಲ, ಅದಕ್ಕೆ ಉಸಿರಾಡಲು ಜಾಗ ಸಿಗುತ್ತಿಲ್ಲ ಎಂಬುದು ಅರ್ಥವಾಗುತ್ತದೆ.

ಚೆಕ್ಕಿನ ಮೇಲೆ ಎಲ್ಲರ ಕಣ್ಣಿದೆ. ಶ್ರೀಮಂತ ಬಿಳಿಯನ ಕಾರು ಓಡಿಸುವ ಚಾಲಕ ವಾಲ್ಟರ್‌ಗೆ, ವಿಲ್ಲಿ ಹ್ಯಾರಿಸ್ ಮತ್ತು ಬೋಬೋ ಎಂಬ ಗೆಳೆಯರ ಜೊತೆ ಪಾಲು ಹಾಕಿ ಮದ್ಯದ ಅಂಗಡಿ ತೆರೆಯುವ ಆಸೆ. ಬೆನೀತಾಳಿಗೆ ವೈದ್ಯೆಯಾಗಬೇಕು. ಲೀನಾಳಿಗೆ ಒಂದು ಮನೆ, ಹಿಂದೆ ಚಿಕ್ಕ ತೋಟ. ಮದುವೆಯಾಗಿ ಎರಡೇ ವಾರವಾಗಿದ್ದಾಗ ಅವಳೂ ಬಿಗ್ ವಾಲ್ಟರನೂ ಈ ಬಾಡಿಗೆ ಮನೆಗೆ ಬಂದದ್ದು, ಒಂದು ವರ್ಷದೊಳಗೆ ಸ್ವಂತ ಮನೆ ಎಂದುಕೊಂಡು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ರೂತ್ ಮಾತ್ರ ತನಗೇನು ಬೇಕೆಂದು ಹೇಳುವುದೇ ಇಲ್ಲ. ಈ ಮೂರು ಆಸೆಗಳಲ್ಲಿ ಒಂದೂ ಕೆಟ್ಟದ್ದಲ್ಲ. ಮದ್ಯ ಮಾರುವುದು ಪಾಪ ಎಂದು ಲೀನಾಳಿಗೆ ಅನ್ನಿಸುತ್ತದೆ, ನಿಜ. ಆದರೆ ವಾಲ್ಟರ್ ಬಯಸುವುದು ಮದ್ಯವನ್ನಲ್ಲ, ಇನ್ನೊಬ್ಬರ ಕಾರಿನ ಬಾಗಿಲು ತೆಗೆಯದೆ ಬದುಕುವ ದಾರಿಯನ್ನು.

ತಾಯಿ ಮಗನ ನಡುವೆ ನಡೆಯುವ ಒಂದು ಮಾತುಕತೆ ನನ್ನನ್ನು ಬಹಳ ಕಾಡುತ್ತದೆ. ಏಕೆ ಸದಾ ಹಣದ ಮಾತಾಡುತ್ತೀಯ ಎಂದು ಅವಳು ಕೇಳುತ್ತಾಳೆ. ಅದೇ ಬದುಕು ಎನ್ನುತ್ತಾನೆ ಅವನು. ಒಂದು ಕಾಲದಲ್ಲಿ ಸ್ವಾತಂತ್ರ್ಯವೇ ಬದುಕಾಗಿತ್ತು, ಈಗ ಹಣವೇ ಬದುಕಾಯಿತಲ್ಲ ಎಂದು ಅವಳು ಕೊರಗಿದರೆ, ಅವನು, ಯಾವಾಗಲೂ ಹಣವೇ ಆಗಿತ್ತಮ್ಮಾ, ನಮಗೆ ಗೊತ್ತಿರಲಿಲ್ಲ ಅಷ್ಟೇ ಎನ್ನುತ್ತಾನೆ. ಲೀನಾಳ ಪೀಳಿಗೆ, ಗುಂಪು ಸೇರಿ ಕಪ್ಪು ಜನರನ್ನು ಕೊಲ್ಲುತ್ತಿದ್ದ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಜೀವ ಉಳಿಸಿಕೊಂಡು ಉತ್ತರಕ್ಕೆ ಬಂದ ಪೀಳಿಗೆ. ಬದುಕಿ ಉಳಿದದ್ದೇ ಅವಳಿಗೆ ಗೆಲುವು. ಆ ಗೆಲುವಿನೊಳಗೇ ಹುಟ್ಟಿದ ಮಗನಿಗೆ ಅದು ಸಾಲದು. ಅವಳ ಕಣ್ಣಿಗೆ ಅವನು ಉಪಕಾರ ಮರೆತವನು, ಅವನ ಕಣ್ಣಿಗೆ ಅವಳು ಇಷ್ಟಕ್ಕೇ ಸಾಕೆಂದುಕೊಂಡವಳು. ಇಬ್ಬರೂ ಹೇಳುತ್ತಿರುವುದು ಸತ್ಯ, ಆದ್ದರಿಂದಲೇ ಈ ಜಗಳವನ್ನು ಯಾರೂ ತೀರ್ಮಾನಿಸಲಾರರು.

ಇದೇ ದೃಶ್ಯದಲ್ಲಿ ರೂತ್ ಗರ್ಭಿಣಿ ಎಂಬುದು ತಿಳಿಯುತ್ತದೆ. ಇನ್ನೊಂದು ಮಗುವಿಗೆ ಈ ಮನೆಯಲ್ಲಿ ಜಾಗವಿಲ್ಲವೆಂದು ಅವಳು ಅದನ್ನು ತೆಗೆಸಿಕೊಳ್ಳಲು ಒಬ್ಬಳಿಗೆ 5 ಡಾಲರ್ ಮುಂಗಡವನ್ನೂ ಕೊಟ್ಟಿದ್ದಾಳೆ. ಲೀನಾ ಈ ವಿಷಯವನ್ನು ಮಗನ ಮುಂದಿಟ್ಟು, ಬಡತನಕ್ಕೆ ಒಂದು ಮಗುವನ್ನು ಈಗಾಗಲೇ ಕೊಟ್ಟಿದ್ದೇವೆ, ಇನ್ನೊಂದನ್ನು ಕೊಡುವುದಿಲ್ಲ ಎಂದು ನಿನ್ನ ಅಪ್ಪನಂತೆ ಹೇಳು ಎಂದು ಕಾಯುತ್ತಾಳೆ. ಅವನು ತುಟಿ ಬಿಚ್ಚುವುದಿಲ್ಲ. ಎದ್ದು ಹೊರಗೆ ಹೋಗಿಬಿಡುತ್ತಾನೆ. ಮನೆ ಮುರಿಯುವುದನ್ನು ನೋಡಲಾರದೆ ಲೀನಾ 3,500 ಡಾಲರ್ ಮುಂಗಡ ಕೊಟ್ಟು ಕ್ಲೈಬೋರ್ನ್ ಪಾರ್ಕ್ ಎಂಬಲ್ಲಿ ಮನೆ ಕೊಳ್ಳುತ್ತಾಳೆ. ಅದು ಬಿಳಿಯರೇ ಇರುವ ಬಡಾವಣೆ. ಅವಳು ಯಾವ ಹೋರಾಟಕ್ಕೂ ಇಳಿದವಳಲ್ಲ. ಕಪ್ಪು ಜನರಿಗೆಂದು ಕಟ್ಟಿದ ದೂರದ ಮನೆಗಳಿಗೆ ಎರಡರಷ್ಟು ಬೆಲೆ, ಕೈಯಲ್ಲಿದ್ದ ಹಣಕ್ಕೆ ಸಂಸಾರಕ್ಕೆ ಒಪ್ಪುವ ಮನೆ ಸಿಕ್ಕಿದ್ದು ಅಲ್ಲಿ.

ರೂತ್ ಸಂತೋಷದಿಂದ ಕೂಗಿಕೊಳ್ಳುತ್ತಾಳೆ. ವಾಲ್ಟರ್ ಕುಸಿಯುತ್ತಾನೆ. ಮಕ್ಕಳ ಕನಸಿನ ಮಾತಾಡುವ ನೀನೇ ನನ್ನ ಕನಸನ್ನು ಕಡಿದು ಹಾಕಿದೆ ಎಂದು ತಾಯಿಗೆ ಹೇಳುತ್ತಾನೆ. ಲೀನಾಳನ್ನು ಸಹನಾಮೂರ್ತಿಯಾಗಿ ಆಡಿಸುವ ರೂಢಿ ಬಲವಾಗಿದೆ, ಅದರ ಬಗ್ಗೆ ನನಗೆ ತಕರಾರಿದೆ. ಅವಳು ಒಳ್ಳೆಯವಳು, ಆದರೆ ಗಟ್ಟಿ ಕೈಯವಳು. ದೇವರಿಲ್ಲ ಎಂದ ಮಗಳ ಕೆನ್ನೆಗೆ ಹೊಡೆದು, ನನ್ನ ತಾಯಿಯ ಮನೆಯಲ್ಲಿ ದೇವರಿದ್ದಾನೆ ಎಂದು ಅವಳ ಬಾಯಲ್ಲೇ ಹೇಳಿಸುವವಳು. 35 ವರ್ಷದ ಮಗನ ಯೋಜನೆಯ ಕಾಗದಗಳನ್ನು ಕಣ್ಣೆತ್ತಿಯೂ ನೋಡದೆ ಆಗದು ಎಂದವಳು. ಆ ಮನೆಯ ಒಡೆಯ ಯಾರು ಎಂಬ ಪ್ರಶ್ನೆಗೆ ಅವಳ ಮಟ್ಟಿಗೆ ಒಂದೇ ಉತ್ತರ.

ಆಮೇಲೆ ಮೂರು ದಿನ ವಾಲ್ಟರ್ ಕೆಲಸಕ್ಕೆ ಹೋಗುವುದಿಲ್ಲ. ಮಾಲೀಕನ ಹೆಂಡತಿ ಫೋನ್ ಮಾಡಿದಾಗಲೇ ಮನೆಯವರಿಗೆ ತಿಳಿಯುವುದು. ಎಲ್ಲಿಗೆ ಹೋಗಿದ್ದೆ? ಮೊದಲ ದಿನ ಕಾರು ಓಡಿಸಿಕೊಂಡು ದೂರ ಹೋಗಿ ಉಕ್ಕಿನ ಕಾರ್ಖಾನೆಗಳನ್ನು ದಿನವಿಡೀ ನೋಡುತ್ತಾ ಕೂತೆ. ಎರಡನೆಯ ದಿನ ವಿಸ್ಕಾನ್ಸಿನ್‌ಗೆ ಹೋಗಿ ಹೊಲಗಳನ್ನು ನೋಡಿದೆ. ಮೂರನೆಯ ದಿನ ಸುಮ್ಮನೆ ನಡೆದೆ. ಸಂಜೆಯಾದರೆ ಗ್ರೀನ್ ಹ್ಯಾಟ್ ಎಂಬ ಮದ್ಯದಂಗಡಿಯಲ್ಲಿ ಸ್ಯಾಕ್ಸೊಫೋನ್ ಕೇಳುತ್ತಾ ಕೂತೆ. ಇಷ್ಟೇ ಅವನ ಉತ್ತರ. ದುಡಿಮೆಯ ದೊಡ್ಡ ಜಾಗಗಳನ್ನೆಲ್ಲ ಹೊರಗೆ ನಿಂತು ನೋಡಿ ಬಂದಿದ್ದಾನೆ, ಯಾವುದರೊಳಗೂ ತನಗೆ ಜಾಗವಿಲ್ಲ.

ಆಗ ಲೀನಾ ಹೇಳುತ್ತಾಳೆ: ನಾನು ತಪ್ಪು ಮಾಡಿದೆ ಮಗನೇ, ಲೋಕವೆಲ್ಲ ನಿನಗೆ ಮಾಡುತ್ತಿರುವುದನ್ನೇ ನಾನೂ ಮಾಡುತ್ತಿದ್ದೆ. ನಾಟಕದ ನಡುಬಿಂದು ಈ ಮಾತು. ಮಗನನ್ನು ಕೆಡದಂತೆ ಕಾಪಾಡುತ್ತೇನೆಂದು ಅವಳು ಅವನ ಕೈಗೆ ಏನನ್ನೂ ಕೊಟ್ಟಿರಲಿಲ್ಲ. ಬಿಳಿಯರ ಶಿಕಾಗೊ ಕೊಟ್ಟಿರಲಿಲ್ಲ, ತಾಯಿಯೂ ಕೊಡಲಿಲ್ಲ. ಅವಳದು ಪ್ರೀತಿಯಿಂದ ಮಾಡಿದ್ದು, ಅವರದು ತಿರಸ್ಕಾರದಿಂದ. ಪಡೆಯುವವನಿಗೆ ಎರಡೂ ಒಂದೇ ‘ಇಲ್ಲ’ವಾಗಿ ಮುಟ್ಟಿವೆ. ಉಳಿದ 6,500 ಡಾಲರ್‌ಗಳನ್ನು ಅವನ ಮುಂದಿಟ್ಟು, 3,000ವನ್ನು ತಂಗಿಯ ಓದಿಗೆ ಬ್ಯಾಂಕಿನಲ್ಲಿಡು, ಮಿಕ್ಕದ್ದು ನಿನ್ನ ಹೆಸರಿನಲ್ಲಿರಲಿ, ಇನ್ನು ಮೇಲೆ ಮನೆಯ ಯಜಮಾನ ನೀನು ಎನ್ನುತ್ತಾಳೆ. ಈ ನಂಬಿಕೆ ಬಂದದ್ದು ತಡವಾಗಿ, ಬಂದದ್ದೂ ಒಮ್ಮೆಗೇ. ಹತ್ತು ವರ್ಷ ಹಿಂದೆ ಸ್ವಲ್ಪ ಸ್ವಲ್ಪವಾಗಿ ಬಂದಿದ್ದರೆ ವಾಲ್ಟರ್ ಅದನ್ನು ಹೊರುವುದನ್ನು ಕಲಿಯುತ್ತಿದ್ದ ಎಂದು ನನ್ನ ಭಾವನೆ.

ಅದಾದ ಕೂಡಲೇ ಅವನು ಟ್ರಾವಿಸ್‌ಗೆ ಏಳು ವರ್ಷದ ಮುಂದಿನ ಒಂದು ಸಂಜೆಯನ್ನು ವರ್ಣಿಸುತ್ತಾನೆ. ದೊಡ್ಡ ಕಚೇರಿ, ಕಪ್ಪು ಕ್ರೈಸ್ಲರ್ ಕಾರು, ರೂತ್‌ಗೂ ಒಂದು ಕಾರು, ಮಗನಿಗೆ ಬೇಕಾದ ಕಾಲೇಜು. ಮನೆ ಮುಂದೆ ಬೇಲಿ ಕತ್ತರಿಸುತ್ತಿರುವ ತೋಟದ ಆಳು ಇವನಿಗೆ ನಮಸ್ಕರಿಸುತ್ತಾನೆ. ಓದುವಾಗ ಎದೆ ತುಂಬಿ ಬರುತ್ತದೆ, ಆದರೆ ಆ ತೋಟದ ಆಳನ್ನು ಮರೆಯಬೇಡಿ. ವಾಲ್ಟರ್‌ಗೆ ಗೆಲುವೆಂದರೆ ತನ್ನ ಮಾಲೀಕನಂತಾಗುವುದು, ಇನ್ನೊಬ್ಬ ವಾಲ್ಟರ್ ತನಗೆ ತಲೆಬಾಗುವುದು. ಬೇರೆ ಯಾವ ಗೆಲುವನ್ನೂ ಅವನು ಕಣ್ಣಾರೆ ಕಂಡಿಲ್ಲ.

ಹಣ ಹೋಗುತ್ತದೆ. ತಂಗಿಯ ಪಾಲಿನ 3,000ವನ್ನೂ ಸೇರಿಸಿ ಅಷ್ಟನ್ನೂ ಅವನು ವಿಲ್ಲಿ ಹ್ಯಾರಿಸ್ ಕೈಗೆ ಕೊಟ್ಟಿರುತ್ತಾನೆ, ವಿಲ್ಲಿ ಪರಾರಿ. ಮನೆ ಖಾಲಿ ಮಾಡುವ ದಿನವೇ ಬೋಬೋ ಬಂದು ಸುದ್ದಿ ಹೇಳುತ್ತಾನೆ. ಆ ಹಣ ನಮ್ಮಪ್ಪನ ಮಾಂಸದಿಂದ ಆದದ್ದು ಎಂದು ವಾಲ್ಟರ್ ನೆಲಕ್ಕೆ ಬಿದ್ದು ಗೋಳಾಡುತ್ತಾನೆ. ಲೀನಾ ಮಗನನ್ನು ಗುರುತೇ ಸಿಗದವನಂತೆ ನೋಡಿ ಮುಖಕ್ಕೆ ಹೊಡೆಯತೊಡಗುತ್ತಾಳೆ. ಆಮೇಲೆ ಅವಳು ಗಂಡನನ್ನು ನೆನೆಯುತ್ತಾಳೆ. ರಾತ್ರಿ ರಾತ್ರಿ ಬಂದು ನೆಲಹಾಸನ್ನೇ ನೋಡುತ್ತಾ ಕೂರುತ್ತಿದ್ದ, ಕಣ್ಣು ಕೆಂಪಗಾಗಿರುತ್ತಿದ್ದವು, ನಲವತ್ತಕ್ಕೆ ಮೊದಲೇ ಮುದುಕನಾದ, ಮುದಿ ಕುದುರೆಯಂತೆ ದುಡಿದ. ನೀನು ಅದೆಲ್ಲವನ್ನೂ ಒಂದೇ ದಿನದಲ್ಲಿ ಕೊಟ್ಟುಬಿಟ್ಟೆ. ಅಲ್ಲಿಯವರೆಗೆ ವಿಮೆಯ ಮೊತ್ತವಾಗಿದ್ದ ಬಿಗ್ ವಾಲ್ಟರ್ ಇಲ್ಲಿ ಮೈ ಪಡೆಯುತ್ತಾನೆ. ಮೇಜು ಕುರ್ಚಿ ಸರಿಸಿ ಮುಚ್ಚಿಟ್ಟಿದ್ದ ನೆಲಹಾಸಿನ ಸವೆತಕ್ಕೆ ಈಗ ಅರ್ಥ ಬರುತ್ತದೆ.

ಇಷ್ಟು ಹೊತ್ತಿಗೆ ಹೊರಗಿನ ಲೋಕ ಒಮ್ಮೆ ಮನೆಗೆ ಬಂದು ಹೋಗಿದೆ. ಕ್ಲೈಬೋರ್ನ್ ಪಾರ್ಕಿನ ನಿವಾಸಿಗಳ ಸಂಘದ ಕಾರ್ಲ್ ಲಿಂಡ್ನರ್ ಗದರಿಸುವುದಿಲ್ಲ, ಬಯ್ಯುವುದಿಲ್ಲ. ಟೋಪಿ ಕೈಯಲ್ಲಿ ಹಿಡಿದು ಬಹಳ ವಿನಯದಿಂದ, ನೀವು ಬರದಿದ್ದರೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಟ್ಟು ಮನೆಯನ್ನು ಕೊಳ್ಳುತ್ತೇವೆ ಎನ್ನುತ್ತಾನೆ. ಹ್ಯಾನ್ಸ್‌ಬೆರಿಯವರಿಗೆ ಈ ವಿನಯದ ಹಿಂದಿನದು ಗೊತ್ತಿತ್ತು. 1937ರಲ್ಲಿ ಅವರ ತಂದೆ ಕಾರ್ಲ್ ಹ್ಯಾನ್ಸ್‌ಬೆರಿ ಶಿಕಾಗೊದ ವಾಷಿಂಗ್ಟನ್ ಪಾರ್ಕ್ ಬಡಾವಣೆಯಲ್ಲಿ ಮನೆ ಕೊಂಡರು. ಕಪ್ಪು ಜನರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂದು ಅಲ್ಲಿನ ಬಿಳಿ ಮಾಲೀಕರು ಕರಾರು ಮಾಡಿಕೊಂಡಿದ್ದರು. ಮನೆ ಮುಂದೆ ಗುಂಪು ಸೇರಿತು, ಒಳಗೆ ತೂರಿ ಬಂದ ಕಲ್ಲು ಬಾಲಕಿ ಲೊರೇನ್‌ಗೆ ಸ್ವಲ್ಪದರಲ್ಲಿ ತಪ್ಪಿತು. ತಂದೆ ನ್ಯಾಯಾಲಯದಲ್ಲಿ ಹೋರಾಡುತ್ತಿದ್ದಾಗ ತಾಯಿ ಪಿಸ್ತೂಲು ಹಿಡಿದು ರಾತ್ರಿಯಿಡೀ ಕಾವಲು ಕಾಯುತ್ತಿದ್ದುದನ್ನು ಅವರು ಮುಂದೆ ಬರೆದಿದ್ದಾರೆ. 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತಂದೆ ಗೆದ್ದರು, ಆದರೆ ಹಿಂದಿನ ಒಂದು ತೀರ್ಪು ಇವರಿಗೆ ಅನ್ವಯಿಸದು ಎಂಬ ಕಾನೂನಿನ ಅಂಶದ ಮೇಲೆ ಮಾತ್ರ. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂಬ ತೀರ್ಪಿಗೆ 1948ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ, 1946ರಲ್ಲಿ, ದೇಶದ ಮೇಲೆ ಭರವಸೆ ಕಳೆದುಕೊಂಡ ತಂದೆ ಮೆಕ್ಸಿಕೊದಲ್ಲಿ ತೀರಿಕೊಂಡಿದ್ದರು. ಕಾರ್ಲ್ ಹ್ಯಾನ್ಸ್‌ಬೆರಿ ಬಡವರಲ್ಲ, ಮನೆಗಳನ್ನು ಸಣ್ಣ ಸಣ್ಣ ಭಾಗಗಳಾಗಿ ಮಾಡಿ ಬಾಡಿಗೆಗೆ ಕೊಡುತ್ತಿದ್ದ ಉದ್ಯಮಿ. ಯಂಗರ್ ಕುಟುಂಬದಂಥವರು ಅವರ ಬಾಡಿಗೆದಾರರಾಗಿದ್ದವರು. ಅಂಥ ಜನರ ಬದುಕನ್ನು ಅವರ ಮಗಳು ಇಷ್ಟು ಒಳಹೊಕ್ಕು ಬರೆದರೆಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹಣ ಕಳೆದ ವಾಲ್ಟರ್ ಲಿಂಡ್ನರ್‌ಗೆ ಫೋನ್ ಮಾಡುತ್ತಾನೆ. ಬಿಳಿಯನ ಮುಂದೆ ಮೊಣಕಾಲೂರಿ ಹೇಗೆ ಬೇಡುತ್ತೇನೆ ನೋಡಿ ಎಂದು ಮನೆಯವರ ಮುಂದೆ ಅಭಿನಯಿಸಿಯೂ ತೋರಿಸುತ್ತಾನೆ. ಇವನು ನನ್ನ ಅಣ್ಣನಲ್ಲ ಎನ್ನುತ್ತಾಳೆ ಬೆನೀತಾ, ಪ್ರೀತಿಸಲು ಇವನಲ್ಲಿ ಏನೂ ಉಳಿದಿಲ್ಲ. ಆಗ ಲೀನಾ ಮಗಳಿಗೆ ಹೇಳುವ ಮಾತಿನಲ್ಲಿ ಅವಳು ಮೊದಲಿನ ಲೀನಾ ಆಗಿ ಉಳಿದಿಲ್ಲ. ಪ್ರೀತಿಸಲು ಯಾವಾಗಲೂ ಏನಾದರೂ ಉಳಿದಿರುತ್ತದೆ. ಎಲ್ಲವನ್ನೂ ಸಾಧಿಸಿ ಬಂದಾಗ ಪ್ರೀತಿಸುವುದಲ್ಲ, ಲೋಕ ಬಡಿದು ಪಾತಾಳಕ್ಕೆ ತಳ್ಳಿದಾಗ ಪ್ರೀತಿಸುವುದು. ಅವನನ್ನು ಅಳೆಯುವುದಾದರೆ ಅವನು ಹತ್ತಿ ಬಂದ ಬೆಟ್ಟ ಕಣಿವೆಗಳನ್ನೂ ಲೆಕ್ಕಕ್ಕೆ ಹಿಡಿ. ಸ್ವಲ್ಪ ಮೊದಲು ಅವನ ಮುಖಕ್ಕೆ ಹೊಡೆದವಳ ಮಾತು ಇದು ಎಂಬುದು ನೆನಪಿರಲಿ. ತನಗೇ ಕಲಿಸಿಕೊಳ್ಳುತ್ತಾ ಮಗಳಿಗೆ ಕಲಿಸುತ್ತಿದ್ದಾಳೆ.

ಲಿಂಡ್ನರ್ ಬಂದಾಗ ಲೀನಾ ಟ್ರಾವಿಸ್‌ನನ್ನು ಹೊರಗೆ ಕಳಿಸಲು ಬಿಡುವುದಿಲ್ಲ. ನೀನು ಮಾಡುವುದನ್ನು ನಿನ್ನ ಮಗ ನೋಡಲಿ. ಇದು ಕಠಿಣವೂ ಹೌದು, ನಂಬಿಕೆಯೂ ಹೌದು. ವಾಲ್ಟರ್ ತಡವರಿಸುತ್ತಾನೆ, ಮಗನ ಕಡೆ ನೋಡುತ್ತಾನೆ, ಈ ದೇಶದಲ್ಲಿ ನಮ್ಮ ವಂಶದ ಆರನೆಯ ತಲೆಮಾರು ಇವನು ಎನ್ನುತ್ತಾನೆ. ನಮ್ಮಪ್ಪ ಒಂದೊಂದು ಇಟ್ಟಿಗೆಯಾಗಿ ಗಳಿಸಿದ ಮನೆ ಅದು, ನಾವು ಬರುತ್ತೇವೆ, ನಿಮ್ಮ ಹಣ ಬೇಡ. 50 ಸೆಂಟ್ ಕೊಟ್ಟಾಗಲೂ ಅವನು ಮಗನ ಕಣ್ಣಿಗಾಗಿಯೇ ಮಾಡಿದ್ದ. ಈ ಸಲ ಕೊಡಲು ಜೇಬಿನಲ್ಲಿ ಏನೂ ಇಲ್ಲ.

ಇದನ್ನು ಸುಖಾಂತ ಎನ್ನುವವರು ಲೆಕ್ಕ ಹಾಕಿ ನೋಡಲಿ. 6,500 ಡಾಲರ್ ಹೋಗಿದೆ. ಬೆನೀತಾಳ ಓದಿಗೆ ದಾರಿಯಿಲ್ಲ. ಮನೆಯ ಕಂತು ತಿಂಗಳು ತಿಂಗಳು ಕಟ್ಟಬೇಕು. ಶಿಕಾಗೊದ ಎಲ್ಲ ಅಡುಗೆಮನೆಗಳಲ್ಲೂ ದಿನಕ್ಕೆ ಇಪ್ಪತ್ತು ಗಂಟೆ ದುಡಿಯುತ್ತೇನೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನೆಲ ಉಜ್ಜುತ್ತೇನೆ ಎಂದು ರೂತ್ ಹೇಳಿದ್ದಾಳೆ. ಅದನ್ನು ಅವಳು ಮಾಡಲೇಬೇಕಾಗುತ್ತದೆ. ಹೊಸ ಬಡಾವಣೆಯಲ್ಲಿ ಇವರನ್ನು ಕಾದಿರುವುದು ಏನೆಂಬುದು ನಾಟಕದ ಮೊದಲ ನಿಮಿಷಗಳಲ್ಲೇ ಬಂದುಹೋಗಿದೆ. ಪತ್ರಿಕೆ ಓದುತ್ತಾ ವಾಲ್ಟರ್, ನಿನ್ನೆ ಇನ್ನೊಂದು ಬಾಂಬು ಹಾಕಿದ್ದಾರೆ ಎನ್ನುತ್ತಾನೆ, ರೂತ್ ಯಾವ ಆಸಕ್ತಿಯೂ ಇಲ್ಲದೆ ಹೌದೇ ಎನ್ನುತ್ತಾಳೆ. ಬಿಳಿಯರ ಬಡಾವಣೆಗೆ ಹೋದ ಕಪ್ಪು ಕುಟುಂಬದ ಮನೆಗೆ ಬಾಂಬು ಬಿದ್ದ ಸುದ್ದಿಯನ್ನು ನೆರೆಯ ಶ್ರೀಮತಿ ಜಾನ್ಸನ್ ಪತ್ರಿಕೆ ಹಿಡಿದು ತರುವ ಒಂದು ದೃಶ್ಯವೂ ಇದೆ. ಅದನ್ನು 1959ರ ಪ್ರದರ್ಶನದಲ್ಲಿ ಬಿಟ್ಟಿದ್ದರು. ಆ ದೃಶ್ಯವಿಲ್ಲದೆ ಕೊನೆ ಮೆತ್ತಗಾಗುತ್ತದೆ. ನೀವು ಆಡುವುದಾದರೆ ಸೇರಿಸಿಕೊಂಡೇ ಆಡಿ.

ಇನ್ನೊಂದು ವಿನಂತಿ. ಸಾಮಾನು ಸಾಗಿಸುವವರು ಬಂದಾಗ ಬೆನೀತಾ, ನೈಜೀರಿಯಾದ ಗೆಳೆಯ ಅಸಗಾಯ್ ತನ್ನನ್ನು ಮದುವೆಯಾಗಲು ಕೇಳಿದ್ದಾನೆ, ಆಫ್ರಿಕಾಕ್ಕೆ ಹೋಗಿ ವೈದ್ಯೆಯಾಗಬೇಕೆಂದಿದ್ದಾನೆ ಎಂದು ತಾಯಿಗೆ ಹೇಳುತ್ತಾಳೆ. ವಾಲ್ಟರ್ ತಟ್ಟನೆ ಬಾಯಿ ಹಾಕಿ, ಅದೆಲ್ಲ ಬಿಡು, ದುಡ್ಡಿರುವ ಜಾರ್ಜ್ ಮರ್ಚಿಸನ್‌ನಂಥವನನ್ನು ಮದುವೆಯಾಗು ಎನ್ನುತ್ತಾನೆ. ಇಬ್ಬರೂ ಜೋರಾಗಿ ಜಗಳವಾಡುತ್ತಾ ಮೆಟ್ಟಿಲಿಳಿದು ಹೋಗುತ್ತಾರೆ, ಒಳಗೆ ಲೀನಾ ಮತ್ತು ರೂತ್ ಉಳಿಯುತ್ತಾರೆ. ಇಲ್ಲಿ ಸಂಗೀತ ಹಾಕಿ, ಅಣ್ಣ ತಂಗಿಯ ದನಿಯನ್ನು ಮುಚ್ಚಿ, ಎಲ್ಲ ಸರಿಹೋಯಿತೆಂಬ ಭಾವ ತರುವ ಆಸೆ ನಿರ್ದೇಶಕರಿಗೆ ಆಗುತ್ತದೆ. ಹಾಗೆ ಮಾಡಬೇಡಿ. ವಾಲ್ಟರ್ ಬದಲಾಗಿರುವುದು ಒಂದು ವಿಷಯದಲ್ಲಿ ಮಾತ್ರ, ಉಳಿದಂತೆ ಅವನು ಅದೇ ವಾಲ್ಟರ್. ಬೆನೀತಾ ಸ್ವಲ್ಪ ಹೊತ್ತಿಗೆ ಮುಂಚೆ ಅಣ್ಣನೇ ಅಲ್ಲ ಎಂದವನ ಜೊತೆ ಮತ್ತೆ ವಾದಕ್ಕಿಳಿದಿದ್ದಾಳೆ. ಆ ಜಗಳ ಮೆಟ್ಟಿಲಿನ ಕೊನೆಯವರೆಗೂ ಪ್ರೇಕ್ಷಕರಿಗೆ ಸ್ಪಷ್ಟವಾಗಿ ಕೇಳಿಸಬೇಕು.